ನಾಯಿಯ ಕೊರಳಿಗೆ ಏನು ಕಟ್ಟಬೇಕು?



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಮೂಗುದಾಣದ ಹಗ್ಗವನ್ನು ಸಹ ಜಗ್ಗಿ ನೋಡಿಯೇ ತರುತ್ತೇವೆ. ಆದರೆ ರಾತ್ರಿಯೆಲ್ಲ ಹೊಲದ ಮನೆ ಕಾಯುವ ನಾಯಿಯ ಮಟ್ಟಿಗೆ ನಮಗೆ ಯಾವ ವಿಚಾರವೂ ಇಲ್ಲ. ಮೂಲೆಯಲ್ಲಿ ಬಿದ್ದ ಸರಪಳಿಯೊಂದನ್ನು ಕೊರಳಿಗೆ ಬಿಗಿದು ಬೇವಿನ ಗಿಡಕ್ಕೆ ಕಟ್ಟಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಇತ್ತೀಚೆಗೆ ಇದಕ್ಕೆ ವಿರುದ್ಧವಾದ ಇನ್ನೊಂದು ಹುಚ್ಚು ಹತ್ತಿದೆ. ಕಬ್ಬಿನ ಬಿಲ್ಲು ಕೈಗೆ ಬಂದೊಡನೆ ತರುಣರು ಮೊಬೈಲಿನಲ್ಲಿ ಕಂಡ ಮುಳ್ಳಿನ ಸರಪಳಿ, ವಿದ್ಯುತ್ ಪಟ್ಟಿಗಳನ್ನು ತರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಎರಡೂ ದಾರಿ ತಪ್ಪು. ನಾಯಿಗೆ ಶಿಸ್ತು ಕಲಿಸಲು ಬೇಕಾಗುವ ಸಾಮಾನು ಸ್ವಲ್ಪ, ಅದು ನಮ್ಮ ಸೀಮೆಯಲ್ಲಿಯೇ ಸಿಗತಕ್ಕದ್ದು. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಕಲಿಸುತ್ತದೆಯೋ, ಬರಿಯೆ ನೋಯಿಸುತ್ತದೆಯೋ?

ಇದು ಶೋಕಿಯ ಮಾತಲ್ಲ. ಕಬ್ಬಿನ ಹಂಗಾಮಿನಲ್ಲಿ ಬೀಡ ಕಡೆಯ ಕಡಿಯುವವರು ಕೂಸುಕುನ್ನಿಗಳೊಡನೆ ನಮ್ಮ ಹೊಲಗಳಿಗೆ ಬರುತ್ತಾರೆ. ನೂಲ, ಹಲಕರ್ಣಿಯಂಥ ಊರುಗಳಲ್ಲಿ ಮಕ್ಕಳು ಹೊಲದ ದಾರಿಯಿಂದಲೇ ಶಾಲೆಗೆ ನಡೆಯುತ್ತಾರೆ. "ನಿಲ್ಲು" ಎಂದರೆ ನಿಲ್ಲುವ ನಾಯಿಗೂ ಹಗಲಿಡೀ ಕಟ್ಟಿಸಿಕೊಂಡು ಕೆರಳಿ ಸಂಜೆ ಕಳಚಿಕೊಂಡು ಓಡುವ ನಾಯಿಗೂ ಇರುವ ಅಂತರ ಒಂದು ಮಗುವಿನ ಪ್ರಾಣದ ಅಂತರವಾಗಬಹುದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲವೆಂಬುದನ್ನು ಯಾರೂ ಮರೆಯಬಾರದು.

ಮೊದಲನೆಯದು ಕೊರಳಪಟ್ಟಿ. ಅದು ಅಗಲವಾಗಿರಬೇಕು, ಮೆತ್ತಗಿರಬೇಕು, ಪಟ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಸಡಿಲವಾಗಿ ಹೋಗಬೇಕು. ಇದಕ್ಕಾಗಿ ದೂರ ಹೋಗಬೇಕಿಲ್ಲ. ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಲಿಕ ಗುರುತು ದೊರೆತಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಕೂಡಿಯೇ ಸೇರಿದವು. ಗಡಿಯ ಎರಡೂ ಕಡೆಯ ಕೈಗಳು ಬಲ್ಲ ಕಸಬು ಅದು. ಚಪ್ಪಲಿ ಮಾಡುವವರಿಗೆ ಅಳತೆ ಕೊಟ್ಟರೆ ಒಳ್ಳೆಯ ತೊಗಲಿನ ಪಟ್ಟಿ ಹೊಲಿದು ಕೊಡುತ್ತಾರೆ.

ನಮ್ಮ ಸೀಮೆಯ ಹೆಸರಾದ ಮುಧೋಳ ನಾಯಿಗೆ, ಅಂದರೆ ಮರಾಠಿಗರು ಕಾರವಾನಿ ಎನ್ನುವ ಜಾತಿಗೆ, ವಿಶೇಷ ಎಚ್ಚರ ಬೇಕು. ಅದರ ಕೊರಳು ಉದ್ದ, ತಲೆ ಕಿರಿದು. ಸಾಧಾರಣ ಪಟ್ಟಿ ತಲೆಯ ಮೇಲಿಂದ ಜಾರಿಬಿಡುತ್ತದೆ. ಜಾರಬಾರದೆಂದು ಬಿಗಿದರೆ ಗಂಟಲಿಗೆ ಪೆಟ್ಟು. ಇದಕ್ಕೆ ಎರಡು ಅಂಗುಲ ಅಗಲದ, ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯುವ ಪಟ್ಟಿ ಹಿತ. ಈ ನಾಯಿ ಕಲಿಯಲಾರದೆಂದು ಹೇಳುವವರುಂಟು. ಮುಧೋಳದ ಹತ್ತಿರದ ತಿಮ್ಮಾಪುರದ ಸಂಶೋಧನ ಕೇಂದ್ರದಿಂದ ೨೦೧೬ರಲ್ಲಿ ಮರಿಗಳು ಮೀರತ್ತಿನ ಸೈನ್ಯದ ಕೇಂದ್ರಕ್ಕೆ ಶಿಕ್ಷಣಕ್ಕೆ ಹೋದವೆಂಬುದನ್ನು ಅವರಿಗೆ ನೆನಪಿಸಬೇಕು.

ಎರಡನೆಯದು ಹಗ್ಗ. ಜೊತೆಯಲ್ಲಿ ನಡೆಯುವದನ್ನು ಕಲಿಸಲು ಒಂದು ಮಾರಿನ ನೂಲಿನ ಹಗ್ಗ ಸಾಕು. ದೂರದಿಂದ ಕರೆದರೆ ಬರುವದನ್ನು ಕಲಿಸಲು ಐದು ಮಾರಿನ ಹಗುರ ಹಗ್ಗ ಬೇಕು. ಈ ಉದ್ದ ಹಗ್ಗವನ್ನು ಮಾತ್ರ ಕೊರಳಿಗೆ ಕಟ್ಟಬೇಡಿರಿ. ಓಡುವ ನಾಯಿ ಹಗ್ಗದ ತುದಿ ಮುಟ್ಟಿದಾಗ ಬೀಳುವ ಜಗ್ಗು ಕೊರಳಿಗೆ ಅಪಾಯ. ಎದೆಪಟ್ಟಿಗೆ ಕಟ್ಟಿದರೆ ಆ ಭಾರ ಎದೆಯ ಮೇಲೆ ಹಂಚಿಹೋಗುತ್ತದೆ.

ಮೂರನೆಯದು ತುತ್ತು. ಹೇಳಿದ್ದನ್ನು ಮಾಡಿದ ಕ್ಷಣದಲ್ಲಿಯೇ ಕಡಲೆಕಾಳಿನಷ್ಟು ರೊಟ್ಟಿಯ ಚೂರು ಅಥವಾ ಬೇಯಿಸಿದ ತತ್ತಿಯ ಚೂರು ಕೊಡಬೇಕು. ತಡಮಾಡಿ ಕೊಟ್ಟರೆ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಉಳ್ಳಾಗಡ್ಡಿ, ದ್ರಾಕ್ಷಿ, ಸಾಂಗಲಿಯ ಒಣದ್ರಾಕ್ಷಿ ನಾಯಿಗೆ ವಿಷ, ಪ್ರೀತಿಯಿಂದಲೂ ಕೊಡಬಾರದು.

ನಾಲ್ಕನೆಯದು ದುಡ್ಡು ಬೇಡದ ಸಾಧನ, ಅಂದರೆ ಮಾತು. ಗಡಿನಾಡಿನ ನಮ್ಮ ಮನೆಗಳಲ್ಲಿ ಇದೇ ಹೆಚ್ಚು ಕೆಡುವದು. ಅಜ್ಜ "ಕೂಡು" ಎನ್ನುತ್ತಾನೆ, ಇಚಲಕರಂಜಿಯ ಮಗ್ಗದಿಂದ ಮನೆಗೆ ಬಂದ ಮಗ "ಬಸ್" ಎನ್ನುತ್ತಾನೆ, ಕೊಲ್ಹಾಪುರದಲ್ಲಿ ಕಲಿಯುವ ಮೊಮ್ಮಗ "ಸಿಟ್" ಎನ್ನುತ್ತಾನೆ. ಮೂವರ ಬಾಯಲ್ಲಿ ಸಿಕ್ಕ ನಾಯಿ ಯಾರ ಮಾತನ್ನೂ ಕೇಳುವದಿಲ್ಲ. ಪೆಟ್ಟು ಮಾತ್ರ ಅದಕ್ಕೆ. ನಾಯಿಗೆ ಭಾಷಾಭಿಮಾನವಿಲ್ಲ, ಯಾವ ನುಡಿಯಾದರೂ ಆದೀತು. ಆದರೆ ಒಂದು ಕೆಲಸಕ್ಕೆ ಒಂದೇ ಶಬ್ದವಿರಲಿ, ಮನೆಯವರೆಲ್ಲ ಅದನ್ನೇ ಆಡಲಿ. "ಬಾ", "ಕೂಡು", "ನಿಲ್ಲು", "ಬಿಡು" ಈ ನಾಲ್ಕು ಸಾಕು. ಎತ್ತರದ ಕಬ್ಬಿನಲ್ಲಿ ದನಿ ಮುಟ್ಟದಿದ್ದರೆ ಒಂದು ಸೀಟಿ ಇಟ್ಟುಕೊಳ್ಳಿರಿ. ಸೀಟಿಗೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಯಾರು ಊದಿದರೂ ಅದು ಒಂದೇ.

ದನದ ದವಾಖಾನೆಗೆ ಒಯ್ಯುವಾಗ ಬಾಯಿಕುಕ್ಕೆ ಬೇಕಾಗುವದು. ಅದು ಬುಟ್ಟಿಯಂತೆ ಸಡಿಲಾಗಿರಲಿ. ನಾಯಿ ಬಾಯಿ ತೆರೆದು ತೇಕಿಯೇ ಮೈಕಾವು ಇಳಿಸಿಕೊಳ್ಳುತ್ತದೆ. ಬಾಯಿಯನ್ನು ಬಿಗಿದು ಕಟ್ಟಿದರೆ ಬಿಸಿಲಿನಲ್ಲಿ ಸತ್ತೀತು.

ಇನ್ನು ಬೇಡವಾದವುಗಳ ಮಾತು. ಜೀರುಕುಣಿಕೆಯಂತೆ ಮಿತಿಯಿಲ್ಲದೆ ಬಿಗಿಯುವ ಸರಪಳಿ, ಒಳಮುಖವಾಗಿ ಮುಳ್ಳಿರುವ ಪಟ್ಟಿ, ಗುಂಡಿ ಒತ್ತಿದರೆ ಶಾಕ್ ಹೊಡೆಯುವ ಪಟ್ಟಿ, ಈ ಮೂರೂ ನೋವಿನ ಸಾಧನಗಳು. ಕಾಡಂಚಿನಲ್ಲಿ ಚಿರತೆಯಿಂದ ಕೊರಳು ಉಳಿಸಲು ಹಾಕುವ ಹೊರಮುಖದ ಮೊಳೆಯ ಪಟ್ಟಿಯೇ ಬೇರೆ. ಅದು ರಕ್ಷಣೆ, ಇದು ಶಿಕ್ಷೆ. ಶಾಕ್ ತಿಂದ ನಾಯಿಗೆ ಗುಂಡಿ ಒತ್ತಿದ ಕೈ ಕಾಣುವದಿಲ್ಲ, ಆ ಹೊತ್ತಿಗೆ ಎದುರಿಗಿದ್ದ ಮಗು ಕಾಣುತ್ತದೆ. ನೋವನ್ನು ಅದು ಆ ಮಗುವಿಗೇ ಹಚ್ಚಿಟ್ಟುಕೊಂಡೀತು. ಬ್ರಿಟನ್ನಿನ ವೇಲ್ಸ್ ಸೀಮೆ ೨೦೧೦ರಲ್ಲಿಯೇ ಇಂಥ ಪಟ್ಟಿಯನ್ನು ನಿಷೇಧಿಸಿತು.

ಗಿಡ್ಡ ಸರಪಳಿಯೂ ನಿರ್ದೋಷಿಯಲ್ಲ. ೧೯೬೦ರ ಪ್ರಾಣಿ ಹಿಂಸೆ ತಡೆಯುವ ಕಾಯದೆಯ ೧೧ನೆಯ ಕಲಮಿನ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವದೂ, ಸದಾ ಕಟ್ಟಿಟ್ಟ ನಾಯಿಯನ್ನು ತಿರುಗಾಡಿಸದೆ ಬಿಡುವದೂ ಅಪರಾಧ. ಆಜರಾ, ಚಂದಗಡದ ಕಡೆ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟವೇ ಸರಿ. ರಾತ್ರಿ ಅದಕ್ಕೆ ಗಟ್ಟಿಯಾದ ಗೂಡಿರಲಿ.

"ಶಿಸ್ತು ಕಲಿತ ನಾಯಿ ಮೆತ್ತಗಾಗುತ್ತದೆ, ಕಾವಲಿಗೆ ಬಾರದು" ಎಂದು ಕೆಲವು ಹಿರಿಯರು ಹೇಳುವರು. ಪಟ್ಟಣಕೊಡೋಲಿಯ ವಿಠ್ಠಲ-ಬೀರದೇವರ ಜಾತ್ರೆಗೆ ಬರುವ ಕುರುಬ ಬಾಂಧವರನ್ನು ಅವರು ಕೇಳಿ ನೋಡಲಿ. ಕುರಿಹಿಂಡಿನ ನಾಯಿಗೆ ಸರಪಳಿಯಿಲ್ಲ. ಹಳೆಯ ನಾಯಿಯ ಜೊತೆ ತಿರುಗಿ, ಒಡೆಯನ ದನಿ ಹಿಡಿದು ಅದು ಕಲಿಯುತ್ತದೆ. ತೋಳ ಬಂದಾಗ ಅದು ಮೆತ್ತಗಾಗುವದಿಲ್ಲ.

ಶಾಲೆಯಲ್ಲಿ ಛಡಿ ಇಲ್ಲದೆ ಪಾಠ ನಡೆಯದೆಂದು ಒಂದು ಕಾಲಕ್ಕೆ ನಂಬಿದ್ದೆವು. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆ ಮಕ್ಕಳನ್ನು ಹೊಡೆಯುವದನ್ನು ನಿಷೇಧಿಸಿತು. ಪಾಠ ನಿಲ್ಲಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಸೂತ್ರಗಳು ಇಲ್ಲಿಯೂ ಸಲ್ಲುತ್ತವೆ: ಒಂದು ಹೊತ್ತಿಗೆ ಒಂದೇ ಪಾಠ, ಸರಳದಿಂದ ಕಠಿಣಕ್ಕೆ, ಬೇಸರ ಬರುವ ಮೊದಲೇ ಬಿಡುವು. ಎರಡು ತಿಂಗಳ ಮರಿಯಿಂದಲೇ ದಿನಕ್ಕೆ ಎರಡು-ಮೂರು ಸಲ, ಪ್ರತಿಸಲ ಐದೇ ನಿಮಿಷ ಕಲಿಸಿರಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಮುಂದೆ ವೈದ್ಯರು ಹೇಳಿದಂತೆ ತಪ್ಪದೆ ನಡೆಸಿರಿ.

ಮುಂದಿನ ಸಂತೆಗೆ ಹೋದಾಗ ಎತ್ತಿನ ಹಗ್ಗದ ಜೊತೆಗೆ ಒಂದು ಹಗುರ ನೂಲಿನ ಹಗ್ಗವನ್ನೂ ತನ್ನಿರಿ, ಒಂದು ಪಟ್ಟಿಗೆ ಅಳತೆ ಕೊಟ್ಟು ಬನ್ನಿರಿ. ಸರಪಳಿ ನಾಯಿಯನ್ನು ಹಿಡಿದಿಡಬಲ್ಲದು, ಅದಕ್ಕೆ ಏನನ್ನೂ ಕಲಿಸಲಾರದು. ಕಲಿಸುವ ಕೆಲಸ ಮನೆಯವರದೇ.