ಸಂಸಾರದ ಸಂಗತಿ: ಭಾವನವರ ದೋಣಿ



ಈ ಪುಟದಲ್ಲಿ ನಾವು ಹಾಲಿನ ಲೆಕ್ಕ, ಮದುವೆಯ ವೆಚ್ಚ, ಮಕ್ಕಳ ಹಟ, ಅತ್ತೆಸೊಸೆಯರ ಮುನಿಸು ಮೊದಲಾದ ಅನೇಕ ಸಂಗತಿಗಳನ್ನು ಕುರಿತು ಮಾತನಾಡಿರುವೆವು. ದೋಣಿಯ ಪ್ರಸ್ತಾಪವೂ ಒಂದು ದಿನ ಬಂದೀತೆಂದು ನಾನು ಎಣಿಸಿರಲಿಲ್ಲ. ಆದರೆ ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ವಿಜಯನಗರದಿಂದ ನಮ್ಮ ಅಕ್ಕ ರಾಜಾಜಿನಗರದ ನಮ್ಮ ಮನೆಗೆ ಬಂದವಳು, ಕಾಫಿಯ ಲೋಟವನ್ನು ಕೈಗೆ ತೆಗೆದುಕೊಳ್ಳುವುದಕ್ಕೂ ಮೊದಲೇ, “ನಿಮ್ಮ ಭಾವನವರು ದೋಣಿ ಕೊಳ್ಳುತ್ತಾರಂತೆ. ನಿವೃತ್ತಿಯ ಗಂಟಿನಲ್ಲಿ ಕಾಲುಭಾಗ ಅದಕ್ಕೇ ಹೋಗುತ್ತದೆ. ನನ್ನ ಮಾತು ಅವರಿಗೆ ಹತ್ತುವುದಿಲ್ಲ, ನೀನಾದರೂ ಹೇಳು” ಎಂದು ಕಣ್ಣೀರು ತಂದುಕೊಂಡಳು.

ಭಾವನವರು ಹುಟ್ಟಿ ಬೆಳೆದುದು ಕೆಂಗೇರಿಯಲ್ಲಿ. ಬಾಲ್ಯದಲ್ಲಿ ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವುದೇ ಅವರ ರಜೆಯ ದಿನಗಳ ಕಾರ್ಯಕ್ರಮವಾಗಿದ್ದಿತು. ಮೂವತ್ತೈದು ವರ್ಷಗಳ ನೌಕರಿಯಲ್ಲಿ ಆ ಹವ್ಯಾಸ ಮೂಲೆಗೆ ಬಿದ್ದಿತು. ಈಗ ವಿರಾಮ ದೊರೆತಿದೆ. ಆದರೆ ಮೊಣಕಾಲು ಕೈಕೊಟ್ಟಿದೆ. ದಡದ ಬಂಡೆಗಳ ಮೇಲೆ ಏರಿಳಿಯಲಾರರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರರು. ಹೀಗಿರುವಲ್ಲಿ, ಮೇಲೆ ಸಮತಟ್ಟಾದ ಹಲಗೆಯ ಹಾಸು, ಸುತ್ತಲೂ ಕಟಕಟೆ, ಕುರ್ಚಿ, ನೆರಳಿಗೆ ಮೇಲ್ಕಟ್ಟು ಇರುವ ‘ಪಾಂಟೂನ್’ ಎಂಬ ಹೊಸ ಬಗೆಯ ದೋಣಿಯ ಚಿತ್ರವನ್ನು ನೋಡಿ ಅವರ ಮನಸ್ಸು ಸೋತುದರಲ್ಲಿ ಆಶ್ಚರ್ಯವೇನಿದೆ? ಮೊಮ್ಮಗನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ನಿಧಾನವಾಗಿ ವಿಹರಿಸುತ್ತ, ಒಂದೆರಡು ಗಾಳ ಹಾಕುವ ಆಸೆ ಅವರದು. ಇಬ್ಬರು ಸ್ನೇಹಿತರೂ ಪಾಲು ಹಾಕುವೆವೆಂದು ಒಪ್ಪಿದ್ದರು.

ಅಕ್ಕನ ಪರವಾಗಿ ವಾದಿಸಲೆಂದೇ ನಾನು ವಿಜಯನಗರಕ್ಕೆ ಹೋದೆನು. ಆದರೆ ಕೇಳುತ್ತ ಹೋದಂತೆ, ‘ಬೇಡ’ ಎನ್ನುವುದು ಸುಲಭ, ‘ಯಾವುದು, ಎಲ್ಲಿ, ಯಾರಿಗಾಗಿ’ ಎಂದು ಕೇಳುವುದೇ ಹಿತವೆಂದು ತೋರಿತು. ಆ ವಿಚಾರಣೆಯಿಂದ ತಿಳಿದುಬಂದ ಸಂಗತಿಗಳು ಇತರರಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿರುವೆನು.

ಮೊದಲು ಈ ದೋಣಿಯ ರಚನೆಯನ್ನು ತಿಳಿಯೋಣ. ಎರಡು ಉದ್ದನೆಯ ಟೊಳ್ಳು ಕೊಳವೆಗಳು ನೀರಿನ ಮೇಲೆ ತೇಲುವುವು. ಅವುಗಳ ಮೇಲೆ ಅಡ್ಡಪಟ್ಟಿಗಳನ್ನು ಬಿಗಿದು ಹಲಗೆ ಹಾಸಿರುವುದು. ೧೯೫೦ರ ದಶಕದ ಆದಿಯಲ್ಲಿ ಅಮೆರಿಕದ ಮಿನ್ನೆಸೋಟ ಪ್ರಾಂತ್ಯದಲ್ಲಿ ಆಂಬ್ರೋಸ್ ವೀರ್ಸ್ ಎಂಬಾತನು ಉಕ್ಕಿನ ಪೀಪಾಯಿಗಳ ಸಾಲಿನ ಮೇಲೆ ಮರದ ಅಟ್ಟವನ್ನು ಕಟ್ಟಿ ಸರೋವರದಲ್ಲಿ ತೇಲಿಸಿದನು. ಈಗಿನ ವಿಹಾರನೌಕೆಗಳಿಗೆ ಅದೇ ಮೂಲ. ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಸಾಮಾನು ಜನಗಳನ್ನು ಹೊಳೆ ದಾಟಿಸುವ ಉಪಾಯ ನಮ್ಮ ನಾಡಿಗೂ ಹೊಸದಲ್ಲ. ತೇಲುವ ಭಾಗಗಳು ಒಂದರಿಂದೊಂದು ದೂರವಿರುವುದರಿಂದ, ಒಬ್ಬರು ಎದ್ದು ಓಡಾಡಿದರೂ ನೌಕೆ ಕಿರಿದಾದ ದೋಣಿಯಂತೆ ಒಮ್ಮೆಲೇ ಓಲಾಡುವುದಿಲ್ಲ.

“ದೋಣಿ ಚೆನ್ನಾಗಿಯೇ ಇದೆ, ಭಾವ. ಅದನ್ನು ಯಾವ ನೀರಿನಲ್ಲಿ ಬಿಡುತ್ತೀರಿ?” ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ವೃಷಭಾವತಿಯ ಮಾತನ್ನು ಎತ್ತುವಂತೆಯೇ ಇಲ್ಲ. ಅವರು ಬಾಲ್ಯದಲ್ಲಿ ಕಾಲು ತೊಳೆದ ಆ ಹೊಳೆ ಇಂದು ನಗರದ ಕೊಳಚೆಯನ್ನು ಹೊತ್ತು ಕೆಂಗೇರಿಯ ಮಗ್ಗುಲಲ್ಲಿ ಹರಿಯುತ್ತಿದೆ. ಬಸವೇಶ್ವರನಗರದಿಂದ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ, ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ ೧೯೩೩ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿಯ ಜಲಾಶಯವಿದೆ. ಅದನ್ನು ಕಟ್ಟಿದುದು ಬೆಂಗಳೂರಿಗೆ ಕುಡಿಯುವ ನೀರಿಗಾಗಿ, ನಮ್ಮ ನಿಮ್ಮ ವಿಹಾರಕ್ಕಾಗಿ ಅಲ್ಲ. ಅದೇ ಅರ್ಕಾವತಿಯ ಕೆಳಗಡೆ ಮಂಚನಬೆಲೆಯಿದೆ. ನೋಡಲು ರಮಣೀಯ, ಆದರೆ ನೀರಿಗಿಳಿದು ಪ್ರಾಣ ಕಳೆದುಕೊಂಡ ಯುವಕರ ವಾರ್ತೆಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿರುವೆವು. ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಚನ್ನಪಟ್ಟಣದ ಬಳಿ ೧೯೪೬ರ ಕಣ್ವ ಜಲಾಶಯ. ಅಲ್ಲಿಯೂ ನೀರು ಸರ್ಕಾರದ್ದು.

ನೀರು ಸಾರ್ವಜನಿಕವಾದುದೆಂದ ಮಾತ್ರಕ್ಕೆ ಅದರ ಮೇಲೆ ಮನಸ್ಸು ಬಂದಂತೆ ದೋಣಿ ಬಿಡಲಾಗದು. ಜಲಾಶಯವು ಯಾವ ಇಲಾಖೆಗೆ ಸೇರಿದುದೋ ಆ ಇಲಾಖೆಯ ಅಪ್ಪಣೆ ಬೇಕು. ಮೀನು ಹಿಡಿಯುವ ಹಕ್ಕು ಬೇರೆ; ಅನೇಕ ಕೆರೆಗಳಲ್ಲಿ ಅದನ್ನು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುವರು. ಅವರ ಕಾಟ್ಲಾ ರೋಹುಗಳಿಗೆ ನಾವು ಕೇಳದೆ ಗಾಳ ಹಾಕಿದರೆ ಅದು ಹವ್ಯಾಸವಲ್ಲ, ಬಡವರ ಜೀವನಕ್ಕೆ ಕೈಹಾಕಿದಂತೆ. ಇದಲ್ಲದೆ, ೧೯೧೭ರ ಹಳೆಯ ಶಾಸನದ ಸ್ಥಾನದಲ್ಲಿ ಬಂದ ೨೦೨೧ರ ಒಳನಾಡು ನೌಕೆಗಳ ಅಧಿನಿಯಮದಂತೆ, ಯಂತ್ರ ಹೂಡಿದ ನೌಕೆಗೆ ತಪಾಸಣೆಯೂ ನೋಂದಣಿಯೂ ಉಂಟು. ಆದುದರಿಂದ ಅಂಗಡಿಗೆ ಹೋಗುವ ಮೊದಲು ಕಚೇರಿಗೆ ಹೋಗಬೇಕು. ಲಿಖಿತ ಅಪ್ಪಣೆ ಕೈಗೆ ಬಾರದ ಹೊರತು ಮುಂಗಡದ ಹಣವನ್ನು ಕೊಡಬಾರದು.

ಎರಡನೆಯ ಪ್ರಶ್ನೆ: ದೋಣಿಯಲ್ಲಿ ಕೂರುವವರು ಯಾರು? ಇದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದೆಂದು ನಾವೆಲ್ಲರೂ ಒಂದು ದಿನ ತಲಕಾಡಿಗೆ ಹೋಗಿ ಕಾವೇರಿಯಲ್ಲಿ ಹರಿಗೋಲು ಹತ್ತಿದೆವು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಹರಿಗೋಲನ್ನು ಕಂಡು ಬೆರಗಾಗಿ, ಬುಟ್ಟಿಯಂತೆ ದುಂಡಾಗಿರುವ, ಒಳಗೆ ಬೆತ್ತವೂ ಹೊರಗೆ ತೊಗಲೂ ಇರುವ, ಹದಿನೈದು ಇಪ್ಪತ್ತು ಜನರನ್ನು ಹೊರುವ ದೋಣಿಯೆಂದು ವರ್ಣಿಸಿರುವನು. ಅದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುವುದೆಂದೂ ಬರೆದಿರುವನು. ನಮ್ಮ ಹಿರಿಯರಿಗೆ ಬೇರೆ ದೋಣಿ ಮಾಡಲು ಬಾರದೆ ಇದನ್ನು ಮಾಡಿದರೆಂದು ಎಣಿಸಬಾರದು. ಬಂಡೆಗಳಿಂದ ತುಂಬಿದ, ಆಳವಿಲ್ಲದ ಹೊಳೆಗೆ ತಕ್ಕುದು ಈ ಬುಟ್ಟಿಯೇ. ಅದು ಗೇಣುದ್ದದ ನೀರಿನಲ್ಲಿಯೂ ತೇಲುವುದು, ಕಲ್ಲಿಗೆ ತಗುಲಿದರೆ ಬಾಗಿ ಜಾರುವುದು, ದಡ ಸೇರಿದ ಮೇಲೆ ಅಂಬಿಗನೊಬ್ಬನೇ ಅದನ್ನು ತಲೆಯ ಮೇಲೆ ಹೊತ್ತು ನಡೆಯುವನು. ಅವರು ಮೊದಲು ನೀರನ್ನು ನೋಡಿದರು, ಬಳಿಕ ದೋಣಿಯನ್ನು ಹೆಣೆದರು.

ಆದರೆ ಭಾವನವರಿಗೆ ಅದು ಒಗ್ಗಲಿಲ್ಲ. ಹತ್ತುವಾಗ ಇಬ್ಬರು ತೋಳು ಹಿಡಿಯಬೇಕಾಯಿತು. ಒಳಗೆ ಕಾಲು ಮಡಿಸಿ ಕೂರುವಷ್ಟರಲ್ಲಿ ಮುಖ ಬಿಳುಪೇರಿತು. ಅಕ್ಕ ಅದನ್ನು ನೋಡಿದಳು. ಹಿಂದಿರುಗುವಾಗ, “ಕುರ್ಚಿ ಇರುವ ದೋಣಿಯೇ ಬೇಕೆಂದು ಇವರು ಹೇಳುವುದು ಷೋಕಿಗೆಂದು ತಿಳಿದಿದ್ದೆ” ಎಂದಳು. ಅಂದಿನಿಂದ ಆಕೆಯ ವಿರೋಧದ ಧ್ವನಿ ತಗ್ಗಿತು.

ಮೂರನೆಯದು ದೋಣಿಯ ಯೋಗ್ಯತೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಮನೆಯ ಲೆಕ್ಕ ಬರೆಯಬಲ್ಲ ಯಾವ ಗೃಹಿಣಿಗೂ ಇದು ಕಷ್ಟವಲ್ಲ. ಕೊಳವೆಯು ಎರಡು ಅಡಿ ಅಡ್ಡಗಲ, ಇಪ್ಪತ್ತು ಅಡಿ ಉದ್ದ ಇರುವುದೆಂದು ಭಾವಿಸಿರಿ. ಅದರ ಒಳ ಅಳತೆ ಸುಮಾರು ೬೩ ಘನ ಅಡಿ. ಒಂದು ಘನ ಅಡಿ ನೀರಿನ ತೂಕ ಸುಮಾರು ೨೮ ಕಿಲೋ. ಎರಡು ಕೊಳವೆಗಳೂ ಅರ್ಧರ್ಧ ಮುಳುಗುವವರೆಗೆ ಅವು ಹೊರುವ ಭಾರ ಸುಮಾರು ೧೭೬೦ ಕಿಲೋ. ಅದಕ್ಕಿಂತ ಹೆಚ್ಚು ಹೊರಿಸುವುದು ಜಾಣತನವಲ್ಲ. ಈ ಭಾರದಲ್ಲಿ ದೋಣಿಯ ಸ್ವಂತ ತೂಕ, ಯಂತ್ರ, ಇಂಧನ, ಕುರ್ಚಿ, ಲಂಗರು ಎಲ್ಲವೂ ಸೇರಿವೆ. ಅವೇ ೧೦೦೦ ಕಿಲೋ ಆದರೆ ಉಳಿಯುವುದು ೭೬೦. ತಲೆಗೆ ೭೫ ಕಿಲೋ ಎಂದರೆ ಹತ್ತು ಜನ. ಆ ಹತ್ತು ಜನರೂ ಮೀನು ಕಚ್ಚಿತೆಂದು ಒಂದೇ ಮಗ್ಗುಲಿಗೆ ಓಡಿದರೆ ಈ ಲೆಕ್ಕ ಕಾಪಾಡದು! ತಯಾರಕರು ದೋಣಿಯ ಮೇಲೆ ಬರೆದಿರುವ ಮಿತಿ ಇದಕ್ಕಿಂತ ಕಡಮೆಯಿದ್ದರೆ ಅದನ್ನೇ ಪಾಲಿಸಬೇಕು.

ಕೊಳವೆಯ ಒಳಗೆ ಅಡ್ಡಗೋಡೆಗಳಿವೆಯೇ ಎಂದು ಅವಶ್ಯವಾಗಿ ಕೇಳಿರಿ. ಒಂದೇ ಟೊಳ್ಳಾಗಿದ್ದರೆ ಒಂದು ತೂತಿಗೆ ಇಡೀ ಕೊಳವೆ ತುಂಬುವುದು. ಮೂರು ನಾಲ್ಕು ಕೋಣೆಗಳಿದ್ದರೆ ಒಂದು ತುಂಬಿದರೂ ಉಳಿದವು ದಡ ಮುಟ್ಟಿಸುವುವು. ನಮ್ಮ ಜಲಾಶಯಗಳಲ್ಲಿ ಇದು ಮುಖ್ಯ. ಮುಳುಗಡೆಯಾದ ಮರಗಳ ಬೊಡ್ಡೆಗಳು ಬೇಸಗೆಯಲ್ಲಿ ನೀರು ಇಳಿದಾಗ ಮೇಲಕ್ಕೆ ಕಾಣದೆ, ಕೆಳಗೂ ಇರದೆ, ಕೊಳವೆಗೆ ಸರಿಯಾಗಿ ತಗುಲುವ ಮಟ್ಟದಲ್ಲಿ ಕಾದಿರುವುವು. ಉಕ್ಕು ತುಕ್ಕು ಹಿಡಿಯುವುದು. ಅಲ್ಯೂಮಿನಿಯಂ ಹಗುರ, ತುಕ್ಕಿನ ಭಯ ಕಡಮೆ. ದಪ್ಪ ಪ್ಲಾಸ್ಟಿಕ್ಕಿನ ತೇಲುಗಳೂ ಉಂಟು, ಆದರೆ ಬಿಸಿಲಿಗೆ ಕೆಡದ ಜಾತಿಯವಾಗಿರಬೇಕು. ಹಳೆಯ ಡ್ರಮ್ಮುಗಳನ್ನು ಹಗ್ಗದಿಂದ ಬಿಗಿದು ಅಗ್ಗವಾಗಿ ಮಾಡಿಕೊಡುವೆನೆನ್ನುವವರ ಮಾತಿಗೆ ಕಿವಿಗೊಡಬೇಡಿರಿ.

ಗಾಳಿಯನ್ನು ಮರೆಯಬಾರದು. ಮೇಲ್ಕಟ್ಟು ಕಟಕಟೆಗಳು ಹಾಯಿಯಂತೆ ಗಾಳಿಯನ್ನು ಹಿಡಿಯುವುವು. ಮುಂಗಾರಿನ ದಿನಗಳಲ್ಲಿ ವಿಶಾಲವಾದ ಜಲಾಶಯದ ಮೇಲೆ ಪಡುವಣ ಗಾಳಿ ಬೀಸಿದರೆ ಈ ಗಂಭೀರ ನೌಕೆಯೂ ಪಕ್ಕಕ್ಕೆ ಸರಿಯುವುದು. ನಿಧಾನವಿಹಾರಕ್ಕೆ ಬ್ಯಾಟರಿಯ ಯಂತ್ರ ಉತ್ತಮ. ಸದ್ದಿಲ್ಲ, ಹೊಗೆಯಿಲ್ಲ, ನೀರಿಗೆ ಎಣ್ಣೆ ಬೀಳದು. ಆದರೆ ಎದುರುಗಾಳಿಯಲ್ಲಿ ಹಿಂದಿರುಗುವ ಶಕ್ತಿ ಅದಕ್ಕಿರಬೇಕು; ಜೊತೆಗೆ ಎರಡು ಹುಟ್ಟುಗಳೂ ಒಂದು ಲಂಗರೂ ಇರತಕ್ಕದ್ದು.

ಇನ್ನು ದೋಣಿಯನ್ನು ಇರಿಸುವುದು ಎಲ್ಲಿ? ಇಪ್ಪತ್ತು ಅಡಿ ಉದ್ದ, ಎಂಟು ಅಡಿ ಅಗಲದ ನೌಕೆಯನ್ನು ಮೂವತ್ತು-ನಲವತ್ತರ ನಿವೇಶನದ ಮನೆಯ ಮುಂದೆ ನಿಲ್ಲಿಸಿದರೆ, ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕಲು ದೋಣಿಯನ್ನು ಹತ್ತಿ ಇಳಿಯಬೇಕಾಗುವುದು. ಅಕ್ಕ ಇದನ್ನು ಹೇಳಿದಾಗ ಭಾವನವರೂ ನಕ್ಕರು. ನೀರಿನ ದಡದಲ್ಲಿ ಕಾವಲಿರುವ ಜಾಗ ದೊರೆಯದಿದ್ದರೆ ಸ್ವಂತ ದೋಣಿ ಹೊರೆಯೇ ಸರಿ.

ಕೊನೆಯ ಮಾತು ಪ್ರಾಣದ್ದು. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ತೀರಿಕೊಂಡರು. ೨೦೨೪ರ ಜನವರಿ ೧೮ರಂದು ವಡೋದರದ ಹರ್ಣಿ ಕೆರೆಯಲ್ಲಿ ವಿಹಾರಕ್ಕೆ ಹೋಗಿದ್ದ ಹನ್ನೆರಡು ಶಾಲಾಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಮುಳುಗಿದರು. ಎರಡೂ ಸಂತೋಷದ ದಿನಗಳಾಗಿದ್ದುವು. ಲೈಫ್ ಜಾಕೆಟ್ಟನ್ನು ಕುರ್ಚಿಯ ಕೆಳಗೆ ಇಡುವುದಲ್ಲ, ದಡದಲ್ಲಿಯೇ ತೊಟ್ಟು ಬಿಗಿದುಕೊಳ್ಳಬೇಕು. ಮಗುವಿಗೆ ಮಗುವಿನ ಅಳತೆಯದೇ ಬೇಕು. ದೊಡ್ಡವರದನ್ನು ತೊಡಿಸಿದರೆ ನೀರಿನಲ್ಲಿ ಅದು ತಲೆಯ ಮೇಲಿಂದ ಕಳಚಿಕೊಳ್ಳುವುದು. ನಮ್ಮ ಹೆಂಗಸರಿಗೆ ಇನ್ನೊಂದು ಮಾತು: ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುವುದು, ಆ ಒಂದು ದಿನ ಸಲ್ವಾರ್ ಉಟ್ಟರೆ ಯಾವ ಮರ್ಯಾದೆಯೂ ಕೆಡದು.

ಮೀನಿನ ವಿಷಯದಲ್ಲಿಯೂ ಮಿತಿಯಿರಲಿ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಬಿಳಿಮೀನನ್ನು ಗಾಳದಿಂದ ಹಿಡಿದು ಜಗತ್ತಿನಲ್ಲಿ ಹೆಸರಾದರು. ಕಾವೇರಿಯ ಆ ಡುಬ್ಬದ ಬಿಳಿಮೀನು ಇಂದು ಅಳಿವಿನ ಅಂಚಿಗೆ ಬಂದಿರುವುದೆಂದು ೨೦೧೮ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಅದು ಅಕಸ್ಮಾತ್ ಗಾಳಕ್ಕೆ ಬಿದ್ದರೆ ಒದ್ದೆಗೈಯಿಂದ ಬಿಡಿಸಿ ಹೊಳೆಗೇ ಒಪ್ಪಿಸತಕ್ಕದ್ದು.

ಇಷ್ಟಾದ ಮೇಲೆ ಏನು ತೀರ್ಮಾನವಾಯಿತೆಂದು ಕೇಳುವಿರಿ. ಭಾವನವರು ಈ ವರ್ಷ ದೋಣಿಯನ್ನು ಕೊಳ್ಳುವುದಿಲ್ಲ. ಅಪ್ಪಣೆ ಪಡೆದು ನಡೆಸುವ ದೋಣಿಗಳಲ್ಲಿ, ನೀರು ಬಲ್ಲ ಅಂಬಿಗನೊಡನೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಚಳಿಯಲ್ಲಿ ಒಮ್ಮೆ, ಬೇಸಗೆಯಲ್ಲಿ ನೀರು ಇಳಿದಾಗ ಒಮ್ಮೆ ಬಾಡಿಗೆ ಕೊಟ್ಟು ವಿಹರಿಸುವರು. ವರ್ಷ ಕಳೆದ ಮೇಲೂ ಆಸೆ ಉಳಿದು, ನೀರೂ ಅಪ್ಪಣೆಯೂ ನಿಲ್ದಾಣವೂ ದೊರೆತರೆ, ಆಗ ಸ್ನೇಹಿತರೊಡನೆ ಪಾಲಿನ ಕರಾರನ್ನು ಬರೆದು ಕೊಳ್ಳುವರು. ಗಂಟು ಅಲ್ಲಿಯವರೆಗೆ ಬ್ಯಾಂಕಿನಲ್ಲಿರುವುದು.

ಆದರೆ ಒಂದು ವಸ್ತುವನ್ನು ಅವರು ಆಗಲೇ ಕೊಂಡಿರುವರು. ಮೊನ್ನೆ ವಿಜಯನಗರಕ್ಕೆ ಹೋದಾಗ ನಡುಮನೆಯ ಗೂಟದಲ್ಲಿ ಮೂರು ಕಿತ್ತಲೆ ಬಣ್ಣದ ಲೈಫ್ ಜಾಕೆಟ್ಟುಗಳು ತೂಗುತ್ತಿದ್ದುವು: ಒಂದು ದೊಡ್ಡದು, ಒಂದು ನಡುವಣದು, ಒಂದು ಚಿಕ್ಕದು. ನಡುವಣದು ಯಾರದೆಂದು ಕೇಳಿದೆನು. “ನನ್ನದೇ. ಅವರು ಹೋದರೆ ನಾನೂ ಹೋಗುವವಳೇ” ಎಂದು ಅಕ್ಕ ಕಾಫಿ ತರಲು ಒಳಗೆ ಹೋದಳು.