ಸಂಪಾದಕರ ಮಾತು: ಹಂದರದ ಅಂಚಿನಲ್ಲಿ ನಿಂತವರು

ಕಥೆ ಯಾರ ಬದುಕನ್ನು ಹಿಡಿದು ಸಾಗುತ್ತದೆಯೋ ಅವರನ್ನು ಪ್ರಧಾನ ಪಾತ್ರಗಳೆಂದೂ, ಅವರ ಆಚೀಚೆ ಬಂದುಹೋಗುವವರನ್ನು ಗೌಣ ಪಾತ್ರಗಳೆಂದೂ ಕರೆಯುವುದು ವಿಮರ್ಶೆಯ ರೂಢಿ. ಗೌಣ ಪಾತ್ರವೊಂದು ತನ್ನ ಬಾಳಿಗಿಂತ ಹಿರಿದಾದ ಅರ್ಥವನ್ನು ಹೊತ್ತಾಗ ಅದನ್ನು ಸಂಕೇತವೆನ್ನಲಾಗುತ್ತದೆ. ಮದುವೆಯನ್ನೇ ವಸ್ತುವಾಗಿ ಉಳ್ಳ ಕಾದಂಬರಿಯಲ್ಲಿ ಈ ವಿಂಗಡಣೆ ಎಷ್ಟು ದೂರ ಬಾಳುತ್ತದೆಂಬ ಪ್ರಶ್ನೆಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೊಡುವ ಉತ್ತರವನ್ನು, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ತೊಡಗುವ ಅಳ್ನಾವರದ ಓದುಗರು ತಮ್ಮ ನೆಲದ ತಿಳಿವಳಿಕೆಯಿಂದಲೇ ಅರಿಯಬಲ್ಲರು.

ಧಾರವಾಡ ಸೀಮೆಯ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಗಳಿಗೆ ವಧೂವರರದೇ ಆದರೂ, ಆ ಗಳಿಗೆಯನ್ನು ಕೂಡಿಸಿಕೊಡುವವರು ಹಲವರು: ಹಂದರ ಹಾಕುವವರು, ಐರಣಿ ಎಂಬ ಮದುವೆಯ ಗಡಿಗೆಗಳನ್ನು ಮಾಡಿಕೊಡುವ ಕುಂಬಾರರು, ಮದುಮಗಳ ಮಗ್ಗುಲಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ, ಸುತ್ತಲೂ ನೂಲು ಸುತ್ತಿ ನೀರೆರೆಯುವ ಸುರಗಿಯ ಶಾಸ್ತ್ರಕ್ಕೆ ಸೋಬಾನೆ ಹಾಡುವ ಮುತ್ತೈದೆಯರು. ಲಗ್ನಪತ್ರಿಕೆಯಲ್ಲಿ ಇವರ ಹೆಸರಿರದಿದ್ದರೂ, ಇವರಲ್ಲೊಬ್ಬರು ಬಾರದಿದ್ದರೆ ಶಾಸ್ತ್ರ ಅಲ್ಲಿಗೇ ನಿಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯನ್ನು ಚಿತ್ರಿಸುವ ಕುವೆಂಪು, ಇಂಥವರನ್ನು ಹಂದರದ ಅಂಚಿನಿಂದ ಒಳಕ್ಕೆ ಕರೆತರುತ್ತಾರೆ. ಗೌಡರ ಮನೆತನದ ಮುಕುಂದಯ್ಯ ಮತ್ತು ಚಿನ್ನಮ್ಮರ ಪ್ರೇಮ ಕಥೆಯ ಒಂದು ಎಳೆಯಾದರೆ, ಜೀತದ ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ಅಷ್ಟೇ ಗಟ್ಟಿಯಾದ ಇನ್ನೊಂದು ಎಳೆ. ಕೂಲಿಯ ಐತ ಮತ್ತು ಪೀಂಚಲು ಬಡತನದ ನಡುವೆಯೂ ಒಬ್ಬರಿಗೊಬ್ಬರು ಆಸರೆಯಾದ ಬಗೆಯು, ಒಲ್ಲದ ಹೆಣ್ಣನ್ನು ಹಣ ಮತ್ತು ಅಂತಸ್ತಿನ ಬಲದಿಂದ ತರಹೊರಟ ಮನೆಗಳ ಮದುವೆಯನ್ನು ಮಾತಿಲ್ಲದೆ ಒರೆಗೆ ಹಚ್ಚುತ್ತದೆ. ಎಳೆವಯಸ್ಸಿನ ವಿಧವೆ ನಾಗಕ್ಕನ ಸಂಕಟ, ಹೆಣ್ಣಿನ ಒಪ್ಪಿಗೆಯನ್ನು ಕೇಳದ ವ್ಯವಸ್ಥೆಯು ಮದುವೆಗೆ ಮುನ್ನ ಮಾತ್ರವಲ್ಲ, ಗಂಡ ಸತ್ತ ಮೇಲೂ ಆಕೆಯನ್ನು ಬೆನ್ನಟ್ಟುತ್ತದೆಂಬುದನ್ನು ಕಾಣಿಸುತ್ತದೆ. ಗುತ್ತಿಯನ್ನು ನೆರಳಿನಂತೆ ಹಿಂಬಾಲಿಸಿ, ಅವನಿಗೆ ‘ನಾಯಿಗುತ್ತಿ’ ಎಂಬ ಹೆಸರನ್ನೇ ತಂದ ಹುಲಿಯನೆಂಬ ನಾಯಿ ನೆರೆಬಂದ ತುಂಗೆಯಲ್ಲಿ ಕೊಚ್ಚಿಹೋದಾಗ, ಬಿಡುಗಡೆಯ ದಡ ಸೇರುವವರು ತೆರಬೇಕಾದ ಬೆಲೆಗೆ ಅದೊಂದು ಸಂಕೇತವಾಗುತ್ತದೆ.

ಆದರೆ ಇವರನ್ನು ಸಂಕೇತಗಳೆಂದಷ್ಟೇ ಓದಿದರೆ, ಒಡೆಯರ ಮನೆಯ ಚಾಕರಿಯಿಂದ ಬಿಡಿಸಿ ಅರ್ಥದ ಚಾಕರಿಗೆ ಹಚ್ಚಿದಂತಾಗುತ್ತದೆ. ಹುಲಿಯನ ಸಾವು ಓದುಗನ ಎದೆಯನ್ನು ಹಿಂಡುವುದು ಅದು ಯಾವುದೋ ತತ್ತ್ವವನ್ನು ಪ್ರತಿನಿಧಿಸುವುದರಿಂದಲ್ಲ. ನೂರಾರು ಪುಟಗಳುದ್ದಕ್ಕೂ ಅದು ಹಸಿದು, ಹೆದರಿ, ಒಡೆಯನಿಗಾಗಿ ಕಾದು ಬದುಕಿದ್ದರಿಂದ. ಹಿರಿದು ಕಿರಿದೆಂಬ ಭೇದವನ್ನು ಕೃತಿಯ ಹೊಸ್ತಿಲಲ್ಲೇ ನಿರಾಕರಿಸಿದ ಕುವೆಂಪು ಮೊದಲು ಜೀವ ಕೊಟ್ಟು, ಅರ್ಥವು ಆ ಜೀವದೊಳಗಿಂದ ತಾನಾಗಿ ಮೂಡುವಂತೆ ಮಾಡಿದ್ದಾರೆ.

ಕೃತಿಯ ಹೆಸರಿನಲ್ಲಿರುವ ‘ಮದುಮಗಳು’ ಏಕವಚನವಾದರೂ ಅದು ಯಾರೊಬ್ಬಳ ಹೆಸರನ್ನೂ ಹೇಳುವುದಿಲ್ಲ. ಆಕೆ ಚಿನ್ನಮ್ಮನೆಂದು ಓದಿದವರು, ತಿಮ್ಮಿಯೆಂದೂ ಪೀಂಚಲುವೆಂದೂ, ಒಪ್ಪಿಗೆಯ ಮಾತನ್ನು ಯಾರೂ ಕೇಳದ ನಾಗಕ್ಕನೆಂದೂ ಮತ್ತೊಮ್ಮೆ ಓದಬೇಕು. ಆಗ ಗೌಣವೆಂಬ ಪದ ಕೃತಿಗಲ್ಲ, ಓದುವ ಕಣ್ಣಿಗೆ ಸೇರಿದ್ದೆಂಬುದು ಸ್ಪಷ್ಟವಾಗುತ್ತದೆ.