ಆರು ಗಂಟೆಗೆ ಎದ್ದು ಹೋಗುವ ಹುಡುಗಿ

ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದ ಮೇಲೆ ನಮ್ಮಂಥವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ ಜಗಳ. ಎಲ್ಲರೂ ಹಿಡಿದುಕೊಂಡಿದ್ದು ಆ 70 ಅನ್ನೋ ಸಂಖ್ಯೆಯನ್ನು. ನನ್ನ ಕಿವಿ ನೆಟ್ಟಗಾಗಿದ್ದು ಅವರು ಕೊಟ್ಟ ಉದಾಹರಣೆ ಕೇಳಿ: ಎರಡನೇ ಮಹಾಯುದ್ಧದ ನಂತರ ಜರ್ಮನಿಯವರು, ಜಪಾನಿನವರು ಹೀಗೇ ದುಡಿದರು ಅನ್ನೋದು. ಜರ್ಮನಿಯನ್ನು ಅದರ ಅಭಿಮಾನಿಗಳಿಗೆ ಬಿಡೋಣ. ಜಪಾನ್ ಅಂದರೆ ಮಾತ್ರ ನನಗೆ ಸುಮ್ಮನಿರೋಕೆ ಆಗಲ್ಲ. ಎಂಟ್ಹತ್ತು ವರ್ಷದಿಂದ ರಾತ್ರಿ ಊಟದ ತಟ್ಟೆ ಮುಂದಿಟ್ಟುಕೊಂಡು ನಾನು ನೋಡ್ತಾ ಬಂದಿರೋದು ಆ ದೇಶದ ಅನಿಮೆ, ಸಿನಿಮಾ, ಡ್ರಾಮಾಗಳನ್ನೇ. ದುಡಿದ ಜನ ತಮ್ಮ ದುಡಿಮೆಯ ಬಗ್ಗೆ ತಾವೇ ಹೇಳಿಕೊಂಡ ಕಥೆಗಳು ಅಲ್ಲಿ ರಾಶಿ ಬಿದ್ದಿವೆ. ಆ ಕಥೆಗಳು 70 ಗಂಟೆಯ ವಾದಕ್ಕೆ ಅಷ್ಟು ಸುಲಭವಾಗಿ ಸಾಕ್ಷಿ ಹೇಳಲ್ಲ.

ಅನಿಮೆ ಅಂದರೆ ದೊಡ್ಡ ಕಣ್ಣಿನ ಹುಡುಗರು ಕಿರುಚಿಕೊಂಡು ಹೊಡೆದಾಡೋದು ಅಂದುಕೊಂಡವರು ಇನ್ನೂ ಇದ್ದಾರೆ. ನಮ್ಮಮ್ಮನ ಲೆಕ್ಕದಲ್ಲಿ ಅದು 'ಆ ಚೀನಾ ಕಾರ್ಟೂನು'. ಹೊಡೆದಾಟದವೂ ಇವೆ, ನಾನೂ ನೋಡ್ತೀನಿ. ಆದರೆ ಜಪಾನಿನವರಿಗೆ ಇನ್ನೊಂದು ಹುಚ್ಚಿದೆ, ಕೆಲಸವನ್ನು ತೋರಿಸೋ ಹುಚ್ಚು. ನಮ್ಮ ಸಿನಿಮಾಗಳಲ್ಲಿ ನಾಯಕ ಎಂಜಿನಿಯರ್ ಅಂದರೆ ಕೊರಳಿಗೊಂದು ಐಡಿ ಕಾರ್ಡ್ ಹಾಕಿಬಿಟ್ಟರೆ ಮುಗೀತು, ಮುಂದಿನ ಸೀನಿಗೆ ಅವನು ಹಾಡಿನಲ್ಲಿರ್ತಾನೆ. ಅಲ್ಲಿ ಹಾಗಲ್ಲ. 'ಶಿರೋಬಾಕೋ' ಅಂತ 24 ಕಂತಿನ ಒಂದು ಅನಿಮೆ ಇದೆ. ಅದರ ಕಥೆಯೇ ಒಂದು ಅನಿಮೆ ಸ್ಟುಡಿಯೋದಲ್ಲಿ ಡೆಡ್‌ಲೈನ್‌ಗೆ ಸರಿಯಾಗಿ ಚಿತ್ರಗಳು ಕೈಸೇರುತ್ತವೋ ಇಲ್ಲವೋ ಅನ್ನೋದು. ಅಷ್ಟಕ್ಕೇ ನಮ್ಮ ಎದೆ ಹೊಡೆದುಕೊಳ್ಳೋ ಹಾಗೆ ಮಾಡ್ತಾರೆ.

ಯುದ್ಧದ ನಂತರದ ಜಪಾನ್ ಅಂದರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಅಕಿರಾ ಕುರೋಸಾವಾ 1952ರಲ್ಲಿ 'ಇಕಿರು' ಅನ್ನೋ ಸಿನಿಮಾ ಮಾಡಿದರು. ಇಕಿರು ಅಂದರೆ ಬದುಕೋದು. ನಾಯಕ ವತಾನಾಬೆ ನಗರಸಭೆಯ ಒಂದು ವಿಭಾಗದ ಮುಖ್ಯಸ್ಥ. ಮೂವತ್ತು ವರ್ಷದ ಹತ್ತಿರ ಹತ್ತಿರ ಒಂದು ದಿನವೂ ತಪ್ಪಿಸದೆ ಕಚೇರಿಗೆ ಬಂದಿದ್ದಾನೆ. ಹಾಜರಾತಿಗೆ ಬಹುಮಾನ ಕೊಡೋದಿದ್ದರೆ ಇವನಿಗೇ ಕೊಡಬೇಕು. ಇಷ್ಟು ವರ್ಷದಲ್ಲಿ ಅವನು ಮಾಡಿದ್ದೇನು ಅಂದರೆ ಕಾಗದಗಳಿಗೆ ಮೊಹರು ಒತ್ತಿದ್ದು. ಬಡಾವಣೆಯ ಹೆಂಗಸರು ಬಂದು, ನಮ್ಮ ಮನೆ ಪಕ್ಕ ಕೊಳಚೆ ನೀರು ನಿಂತಿದೆ, ಅದನ್ನು ಮುಚ್ಚಿಸಿ ಮಕ್ಕಳಿಗೆ ಆಟದ ಜಾಗ ಮಾಡಿಕೊಡಿ ಅಂತ ಅರ್ಜಿ ಕೊಡ್ತಾರೆ. ಒಂದು ವಿಭಾಗದವರು ಇನ್ನೊಂದು ವಿಭಾಗಕ್ಕೆ, ಅವರು ಮತ್ತೊಂದಕ್ಕೆ ಕಳಿಸ್ತಾ ಕಳಿಸ್ತಾ ಕೊನೆಗೆ ಆ ಹೆಂಗಸರು ಶುರು ಮಾಡಿದ ಕಿಟಕಿಗೇ ವಾಪಸ್. ತಾಲ್ಲೂಕು ಆಫೀಸು ನೋಡಿದವರಿಗೆ ಇದನ್ನು ವಿವರಿಸೋದು ಬೇಡ. ನಮ್ಮ ಐಟಿಯವರು ನಗಬೇಡಿ, ಒಂದು ಟಿಕೆಟ್ ನಾಲ್ಕು ಟೀಮ್ ಸುತ್ತಿ 'ನಮ್ಮ ಸ್ಕೋಪ್‌ನಲ್ಲಿ ಇಲ್ಲ' ಅಂತ ಷರಾ ಹಾಕಿಸಿಕೊಂಡು ವಾಪಸ್ ಬರೋದನ್ನು ನಾವೂ ಕಂಡವರೇ.

ವತಾನಾಬೆಗೆ ಹೊಟ್ಟೆಯ ಕ್ಯಾನ್ಸರ್. ಉಳಿದಿರೋದು ಕೆಲವೇ ತಿಂಗಳು. ಬೇರೆ ದೇಶದ ಸಿನಿಮಾ ಆಗಿದ್ದರೆ ಅವನು ರಾಜೀನಾಮೆ ಕೊಟ್ಟು ಪ್ರಪಂಚ ಸುತ್ತೋಕೆ ಹೋಗ್ತಿದ್ದ ಅನ್ಸುತ್ತೆ. ಇವನೂ ಒಂದು ರಾತ್ರಿ ಕುಡಿದು ಕುಣಿದು ನೋಡ್ತಾನೆ, ರುಚಿಸಲ್ಲ. ಆಮೇಲೆ ಕಚೇರಿ ಬಿಟ್ಟು ಆಟಿಕೆ ಮೊಲ ಮಾಡೋ ಕಾರ್ಖಾನೆ ಸೇರಿದ ಒಬ್ಬ ಹುಡುಗಿಯನ್ನು ನೋಡ್ತಾನೆ. ಅವಳು ಖುಷಿಯಾಗಿದ್ದಾಳೆ. ಅವನು ಎದ್ದು ವಾಪಸ್ ಹೋಗೋದು ಅದೇ ಕಚೇರಿಗೆ, ಅದೇ ಮೇಜಿಗೆ. ಹುಡುಕಿ ತೆಗೆಯೋದು ಅದೇ ಕೊಳಚೆ ನೀರಿನ ಅರ್ಜಿಯನ್ನು. ಕಥೆ ಇನ್ನೂ ಬೇಕಾದಷ್ಟು ಬಾಕಿ ಇರುವಾಗಲೇ ಅವನು ಸತ್ತ ಸುದ್ದಿ ಬರುತ್ತೆ. ಅಲ್ಲಿಂದ ಮುಂದೆಲ್ಲ ಅವನ ಫೋಟೋ ಮುಂದೆ ಕೂತ ಸಹೋದ್ಯೋಗಿಗಳ ಮಾತು. ಪಾರ್ಕ್ ಮಾಡಿಸಿದ್ದು ತಾನೇ ಅಂತ ಮೇಲಧಿಕಾರಿ ಹೇಳಿಕೊಳ್ತಾನೆ. ಅಷ್ಟರಲ್ಲಿ ಆ ಹೆಂಗಸರು ಬಂದು ಅಗರಬತ್ತಿ ಹಚ್ಚಿ ಅಳ್ತಾರೆ, ಯಾರೊಂದಿಗೂ ವಾದ ಮಾಡಲ್ಲ. ಕುಡಿದ ಅಮಲಲ್ಲಿ ಗುಮಾಸ್ತರೆಲ್ಲ ನಾಳೆಯಿಂದ ನಾವೂ ಹೀಗೇ ದುಡೀತೀವಿ ಅಂತ ಆಣೆ ಮಾಡ್ತಾರೆ. ಮಾರನೇ ದಿನ ಕಚೇರಿ ಎಂದಿನಂತೆ ನಡೆಯುತ್ತೆ, ಅರ್ಜಿ ತಂದವರನ್ನು ಪಕ್ಕದ ವಿಭಾಗಕ್ಕೆ ಕಳಿಸಲಾಗುತ್ತೆ. ದೇಶ ಕಟ್ಟುತ್ತಿದ್ದ ಕಾಲದಲ್ಲೇ, ಆ ದೇಶದ ದೊಡ್ಡ ನಿರ್ದೇಶಕ, ಗಂಟೆಗಳ ಲೆಕ್ಕ ಪಕ್ಕಕ್ಕಿಟ್ಟು ಆ ಗಂಟೆಗಳಲ್ಲಿ ಏನಾಯ್ತು ಅಂತ ಕೇಳಿದ್ದ. ಕಪ್ಪು ಬಿಳುಪು ಅಂತ ಮುಖ ತಿರುಗಿಸಬೇಡಿ. ಮೊದಲ ಅರ್ಧ ಗಂಟೆ ದಾಟಿದರೆ ಸಾಕು. ಕಜುವೋ ಇಶಿಗುರೋ ಚಿತ್ರಕಥೆ ಬರೆದ 2022ರ 'ಲಿವಿಂಗ್' ಇದರದೇ ಇಂಗ್ಲಿಷ್ ರೂಪ. ಚೆನ್ನಾಗಿದೆ, ಆದರೆ ಸ್ವಲ್ಪ ಇಸ್ತ್ರಿ ಮಾಡಿದ ಹಾಗಿದೆ.

ಡ್ರಾಮಾಗಳಿಗೆ ಬಂದರೆ 2013ರ 'ಹನ್ಜಾವಾ ನಾವೋಕಿ' ಅಂತೂ ಪಕ್ಕಾ ಮಾಸ್. ಅಲ್ಲಿನ ಹೀರೋ ಬ್ಯಾಂಕಿನಲ್ಲಿ ಸಾಲ ವಿಭಾಗದ ಅಧಿಕಾರಿ! ಕೈಯಲ್ಲಿ ಮಚ್ಚಿಲ್ಲ, ಫೈಲಿದೆ. ಕೊನೆಯ ಕಂತನ್ನು ಟೋಕಿಯೋ ಸುತ್ತಲಿನ ನೂರರಲ್ಲಿ 40ಕ್ಕಿಂತ ಹೆಚ್ಚು ಮನೆಗಳು ನೋಡಿದವು. ಇಡೀ ಬ್ಯಾಂಕಿನ ಎದುರು ದೊಡ್ಡ ಸಾಹೇಬನನ್ನು ಮಂಡಿಯೂರಿಸ್ತಾನೆ. ಅದಾದ ಮೇಲೆ ಅವನಿಗೆ ಸಿಗೋ ಬಹುಮಾನ ಏನು ಗೊತ್ತಾ? ಬೇರೆ ಕಂಪನಿಗೆ ಎತ್ತಂಗಡಿ. ಅಲ್ಲಿಗೇ ಡ್ರಾಮಾ ಮುಗಿಯುತ್ತೆ. ಅಪ್ರೈಸಲ್ ಲೆಟರ್ ಓದಿ ಕಣ್ಣು ಮಿಟುಕಿಸಿದ ಅನುಭವ ಇರೋ ಎಲ್ಲರೂ ನೋಡಲೇಬೇಕಾದ ದೃಶ್ಯ ಅದು.

ನನಗೆ ಅದಕ್ಕಿಂತ ಹತ್ತಿರದ್ದು 2019ರ ಒಂದು ಡ್ರಾಮಾ, 'ವತಾಶಿ, ತೇಜಿ ದೆ ಕಾಯೇರಿಮಾಸು'. ನಮ್ಮ ಮಾತಲ್ಲಿ ಹೇಳೋದಾದರೆ 'ನಾನು ಟೈಮಿಗೆ ಸರಿಯಾಗಿ ಮನೆಗೆ ಹೋಗ್ತೀನಿ'. ಯುಯಿ ಅನ್ನೋ ಹುಡುಗಿ ವೆಬ್‌ಸೈಟ್ ಮಾಡಿಕೊಡೋ ಕಂಪನಿಯಲ್ಲಿ ಕೆಲಸ ಮಾಡ್ತಾಳೆ. ಆರು ಗಂಟೆ ಆಯಿತೋ, ಕಂಪ್ಯೂಟರ್ ಮುಚ್ಚಿ ಎದ್ದಳು. ಹ್ಯಾಪಿ ಅವರ್ ಮುಗಿಯೋದರೊಳಗೆ ಒಂದು ಚೀನೀ ಹೋಟೆಲ್ ಸೇರಿ ಅರ್ಧ ಬೆಲೆಯ ಬಿಯರ್ ಕುಡಿಯಬೇಕು, ಅದು ಅವಳ ದಿನದ ಗುರಿ. ಅವಳೇನೂ ಸೋಮಾರಿಯಲ್ಲ, ಅಷ್ಟರೊಳಗೆ ಕೆಲಸ ಮುಗಿಸಿರ್ತಾಳೆ. ಆದರೂ ಅವಳು ಎದ್ದಾಗ ಸುತ್ತಲಿನವರ ಕಣ್ಣು ನೋಡಬೇಕು. ನಮ್ಮ ತಂಡದಲ್ಲೂ ಯಾರಾದರೂ ಆರಕ್ಕೆ ಬ್ಯಾಗ್ ಹೆಗಲಿಗೇರಿಸಿದರೆ 'ಏನ್ ಗುರು, ಇವತ್ತು ಹಾಫ್ ಡೇನಾ?' ಅಂತ ಒಂದು ದನಿ ಬಂದೇ ಬರುತ್ತೆ. ತಮಾಷೆಗೇ ಕೇಳೋದು. ಆದರೆ ಕೇಳಿಸಿಕೊಂಡವನು ಮಾರನೇ ದಿನ ಎಂಟರವರೆಗೆ ಕೂರ್ತಾನೆ.

ಈ ಡ್ರಾಮಾದಲ್ಲಿ ವಿಲನ್ ಅಂತ ಒಬ್ಬನನ್ನು ತೋರಿಸಿ ಕೈ ತೊಳೆದುಕೊಂಡಿಲ್ಲ, ಅದು ನನಗೆ ಇಷ್ಟ. ಒಂದು ದಿನವೂ ರಜೆ ಹಾಕದವಳೊಬ್ಬಳು, ಹಾಜರಾತಿ ಬಿಟ್ಟರೆ ತನ್ನ ಹತ್ತಿರ ಏನಿದೆ ಅನ್ನೋ ಭಯದವಳು. ಹೆರಿಗೆ ರಜೆ ಮುಗಿಸಿ ಬಂದು, ಎಲ್ಲಿ ನನ್ನನ್ನು ಹಿಂದೆ ಬಿಡ್ತಾರೋ ಅಂತ ಮೈಮೇಲೆ ಕೆಲಸ ಎಳೆದುಕೊಳ್ಳುವವಳೊಬ್ಬಳು. ಯುಯಿಯ ಜೊತೆ ಮದುವೆ ನಿಶ್ಚಯವಾಗಿ ಮುರಿದುಬಿದ್ದ, ಕೆಲಸವೇ ಪ್ರಾಣ ಅನ್ನೋ ಹುಡುಗನೂ ಅದೇ ಆಫೀಸಿನಲ್ಲಿ. ಮೇಲಿನಿಂದ ಬಂದ ಮ್ಯಾನೇಜರ್ ಕಡಿಮೆ ಹಣಕ್ಕೆ ಒಂದು ಪ್ರಾಜೆಕ್ಟ್ ಒಪ್ಪಿಕೊಂಡು ಬರ್ತಾನೆ, ಆ ಕಡಿಮೆಯಾದ ಹಣ ಕೊನೆಗೆ ಯಾರ ನಿದ್ದೆಯಿಂದ ವಸೂಲಾಗುತ್ತೆ ಅನ್ನೋದು ನಿಮಗೆ ಗೊತ್ತು. ಆರು ಗಂಟೆಯ ಯುಯಿ ಕೂಡ ಓವರ್‌ಟೈಮ್‌ಗೆ ಇಳಿಯಬೇಕಾಗುತ್ತೆ. ಒಬ್ಬಳು ಗಟ್ಟಿಯಾಗಿದ್ದರೆ ಸಾಕಾಗಲ್ಲ ಅನ್ನೋದನ್ನು ಹತ್ತು ಕಂತಿನಲ್ಲಿ ನಿಧಾನವಾಗಿ ತೋರಿಸಿಕೊಡ್ತಾರೆ.

ಈ ಡ್ರಾಮಾ ಪ್ರಸಾರವಾಗಿದ್ದು 2019ರ ಏಪ್ರಿಲ್‌ನಿಂದ. ಅದೇ ಏಪ್ರಿಲ್ 1ರಿಂದ ಜಪಾನಿನ ದೊಡ್ಡ ಕಂಪನಿಗಳಿಗೆ ಓವರ್‌ಟೈಮ್‌ನ ಹೊಸ ಮಿತಿ ಜಾರಿಗೆ ಬಂದಿತ್ತು: ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ. ಅದಕ್ಕೂ ಮುಂಚೆ 2014ರಲ್ಲಿ ಕರೋಶಿ ತಡೆಯೋಕೇ ಒಂದು ಕಾಯ್ದೆ ಮಾಡಿಕೊಂಡಿದ್ದರು. ಕರೋಶಿ ಅಂದರೆ ಅತಿಯಾಗಿ ದುಡಿದು ಸಾಯೋದು. ಅದಕ್ಕೊಂದು ಪ್ರತ್ಯೇಕ ಪದವೇ ಬೇಕಾಯ್ತು ಅವರಿಗೆ. ನಮ್ಮಲ್ಲಿ 2024ರ ಜುಲೈನಲ್ಲಿ ಐಟಿಯವರ ಕೆಲಸದ ದಿನವನ್ನು 14 ಗಂಟೆವರೆಗೆ ಹಿಗ್ಗಿಸೋ ಪ್ರಸ್ತಾಪ ಸರ್ಕಾರದ ಮುಂದೆ ಬಂದು ನೌಕರರ ಸಂಘದವರು ಬೀದಿಗಿಳಿದರಲ್ಲ, ಆಗ ನನಗೆ ನೆನಪಾಗಿದ್ದು ಇದೇ. ಅವರು ಇಳಿದು ಬರ್ತಿರೋ ಮೆಟ್ಟಿಲನ್ನು ನಾವು ಹತ್ತೋಕೆ ಹೊರಟಿದ್ದೀವಿ.

ಹಾಗಂತ ಜಪಾನಿನ ಕಥೆಗಳೆಲ್ಲ ಬೇಗ ಮನೆಗೆ ಹೋಗಿ ಅನ್ನುತ್ತವೆ ಅಂದರೆ ಸುಳ್ಳಾಗುತ್ತೆ. ಹಯಾವೋ ಮಿಯಾಜಾಕಿ 2013ರಲ್ಲಿ ಮಾಡಿದ 'ದಿ ವಿಂಡ್ ರೈಸಸ್' ನನ್ನ ಈ ವಾದವನ್ನೆಲ್ಲ ಅಲುಗಾಡಿಸಿಬಿಡುತ್ತೆ. ಅದರ ನಾಯಕ ಜಿರೋ ಹೊರಿಕೋಶಿ, ಯುದ್ಧದಲ್ಲಿ ಹೆಸರಾದ ಜೀರೋ ವಿಮಾನದ ವಿನ್ಯಾಸಕಾರ. ಸಿನಿಮಾದಲ್ಲಿರೋ ಜೀವನ ಮುಕ್ಕಾಲು ಕಲ್ಪನೆ, ಆದರೆ ಎಂಜಿನಿಯರ್ ಒಬ್ಬನ ತಲೆಯೊಳಗೆ ಏನಾಗುತ್ತೆ ಅನ್ನೋದನ್ನು ಇಷ್ಟು ಸರಿಯಾಗಿ ಹಿಡಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಊಟಕ್ಕೆ ಕೂತಾಗ ಮೀನಿನ ಮುಳ್ಳಿನ ಬಾಗು ನೋಡಿ ಅವನಿಗೆ ರೆಕ್ಕೆ ನೆನಪಾಗುತ್ತೆ. ಸ್ನಾನ ಮಾಡ್ತಾ ಬಗ್ ಎಲ್ಲಿದೆ ಅಂತ ಹೊಳೆದು ತಲೆ ಒರೆಸಿಕೊಳ್ಳದೆ ಓಡಿ ಬಂದವರಿಗೆ ಇದು ಗೊತ್ತಾಗುತ್ತೆ.

ಅವನ ಹೆಂಡತಿ ನಾವೋಕೋಗೆ ಕ್ಷಯ. ಬೆಟ್ಟದ ಮೇಲಿನ ಆಸ್ಪತ್ರೆ ಬಿಟ್ಟು ಅವನ ಜೊತೆ ಇರೋಕೆ ಅಂತಲೇ ಬಂದಿದ್ದಾಳೆ. ಅವನು ರಾತ್ರಿ ತಡವಾಗಿ ಬರ್ತಾನೆ, ಅವಳ ಹಾಸಿಗೆ ಪಕ್ಕ ಮೇಜು ಎಳೆದುಕೊಂಡು ಮತ್ತೆ ಕೆಲಸ. ಒಂದು ಕೈ ಅವಳ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಲೆಕ್ಕ. ಸಿಗರೇಟ್ ಸೇದಬೇಕು, ಕೈ ಬಿಡ್ತೀಯಾ ಅಂತಾನೆ. ಇಲ್ಲೇ ಸೇದು ಅಂತಾಳೆ. ಶ್ವಾಸಕೋಶದ ಕಾಯಿಲೆಯವಳ ಕೋಣೆಯಲ್ಲಿ! ಇದನ್ನು ಪ್ರೇಮ ಅನ್ನಬೇಕೋ, ಕ್ರೌರ್ಯ ಅನ್ನಬೇಕೋ? ಮಿಯಾಜಾಕಿ ತೀರ್ಪು ಕೊಡಲ್ಲ. ಹೊಸ ವಿಮಾನದ ಪರೀಕ್ಷಾ ಹಾರಾಟದ ದಿನ ಅವಳು ಸದ್ದಿಲ್ಲದೆ ಆಸ್ಪತ್ರೆಗೆ ವಾಪಸ್ ಹೊರಡ್ತಾಳೆ. ಅವನು ಮಾಡಿದ ಸುಂದರ ವಿಮಾನಗಳು ಯುದ್ಧಕ್ಕೆ ಹೋಗ್ತವೆ, ತಿರುಗಿ ಬರಲ್ಲ. ಇದನ್ನು ನಾನು ಹೆಂಡತಿ ಜೊತೆ ಕೂತು ನೋಡಿದೆ. ಆ ದೃಶ್ಯ ಬಂದಾಗ ಅವಳು ಏನೂ ಅನ್ನಲಿಲ್ಲ, ಟೀಪಾಯಿ ಮೇಲೆ ಅರ್ಧ ತೆರೆದಿದ್ದ ನನ್ನ ಲ್ಯಾಪ್‌ಟಾಪ್ ಕಡೆ ಒಮ್ಮೆ ನೋಡಿದಳು, ಅಷ್ಟೇ.

ಮಿಯಾಜಾಕಿ ಬೇರೆಯವರ ಬಗ್ಗೆ ಹೇಳ್ತಿಲ್ಲ, ತಮ್ಮ ಬಗ್ಗೆಯೇ ಹೇಳಿಕೊಳ್ತಿದ್ದಾರೆ. ಆ ಸಿನಿಮಾ ಆದಮೇಲೆ ನಿವೃತ್ತಿ ಅಂದರು. ಆಮೇಲೆ ತಡೆಯಲಾರದೆ ವಾಪಸ್ ಬಂದು 2023ರಲ್ಲಿ 'ದಿ ಬಾಯ್ ಅಂಡ್ ದಿ ಹೆರಾನ್' ಮಾಡಿದರು, 83ನೇ ವಯಸ್ಸಿನಲ್ಲಿ ಆಸ್ಕರ್ ಬಂತು. ಆದರೆ ಅದೇ ಘಿಬ್ಲಿ ಸ್ಟುಡಿಯೋದಲ್ಲಿ ಯೋಶಿಫುಮಿ ಕೊಂಡೋ ಅಂತ ಒಬ್ಬರಿದ್ದರು. 1995ರಲ್ಲಿ 'ವಿಸ್ಪರ್ ಆಫ್ ದಿ ಹಾರ್ಟ್' ನಿರ್ದೇಶಿಸಿದವರು. ಮುಂದೆ ಸ್ಟುಡಿಯೋವನ್ನು ಮುನ್ನಡೆಸುವವರು ಇವರೇ ಅಂತ ಎಲ್ಲರೂ ನಂಬಿದ್ದರು. 1998ರಲ್ಲಿ 47ನೇ ವಯಸ್ಸಿಗೆ ತೀರಿಕೊಂಡರು. ನಿರ್ದೇಶಿಸಿದ್ದು ಅದೊಂದೇ ಸಿನಿಮಾ. ಅತಿ ದುಡಿಮೆಯೇ ಅವರನ್ನು ತಿಂದಿತು ಅನ್ನೋ ಮಾತು ಇವತ್ತಿಗೂ ಇದೆ. ಹದಿನಾಲ್ಕರ ಹುಡುಗಿಯೊಬ್ಬಳು ರಾತ್ರಿಯೆಲ್ಲ ಕೂತು ತನ್ನ ಮೊದಲ ಕಥೆ ಬರೆಯೋ ಆ ಸಿನಿಮಾವನ್ನು ಈಗ ನೋಡಿದಾಗ ಅವಳ ಕಣ್ಣಿನ ಕೆಳಗಿನ ಕಪ್ಪು ಬೇರೆಯೇ ಥರ ಕಾಣುತ್ತೆ.

ಹಾಗಾಗಿ ಅನಿಮೆ ಶುರು ಮಾಡಬೇಕು, ಯಾವುದು ನೋಡಲಿ ಅಂತ ಆಫೀಸಿನಲ್ಲಿ ಕೇಳಿದವರಿಗೆ ನಾನು ಹೇಳೋದು 1989ರ 'ಕಿಕೀಸ್ ಡೆಲಿವರಿ ಸರ್ವಿಸ್'. ಮಕ್ಕಳ ಸಿನಿಮಾ ಅಂದುಕೊಂಡು ಮೂಗು ಮುರೀತಾರೆ, ಮುರಿಯಲಿ. ಕಿಕಿ ಹದಿಮೂರರ ಮಾಟಗಾತಿ. ಅವಳಿಗೆ ಬರೋ ವಿದ್ಯೆ ಒಂದೇ, ಪೊರಕೆ ಮೇಲೆ ಹಾರೋದು. ಮನೆ ಬಿಟ್ಟು ಸಮುದ್ರದ ಪಕ್ಕದ ಊರಿಗೆ ಬಂದು, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಇದ್ದುಕೊಂಡು ಸಾಮಾನು ತಲುಪಿಸೋ ಕೆಲಸ ಶುರು ಮಾಡ್ತಾಳೆ. ಒಂದು ಅಜ್ಜಿ ಮೊಮ್ಮಗಳಿಗೆ ಅಂತ ಮಾಡಿದ ತಿಂಡಿಯನ್ನು, ಒಲೆ ಹೊತ್ತಿಸೋಕೆ ತಾನೇ ಸಹಾಯ ಮಾಡಿ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ತಲುಪಿಸ್ತಾಳೆ. ಬಾಗಿಲು ತೆಗೆದ ಮೊಮ್ಮಗಳು ಮತ್ತೆ ಅದೇ ತಿಂಡಿಯಾ ಅನ್ನೋ ಹಾಗೆ ಮುಖ ಮಾಡಿ ತಗೊಂಡು ಬಾಗಿಲು ಹಾಕ್ತಾಳೆ. ತಿಂಗಳುಗಟ್ಟಲೆ ಕೂತು ಬರೆದ ಫೀಚರ್ ಅನ್ನು ಕಸ್ಟಮರ್ ಆಫ್ ಮಾಡಿಟ್ಟಿದ್ದಾನೆ ಅಂತ ಗೊತ್ತಾದ ದಿನ ನನಗೆ ನೆನಪಾಗಿದ್ದು ಆ ಬಾಗಿಲು.

ಸ್ವಲ್ಪ ದಿನಕ್ಕೆ ಕಿಕಿಗೆ ಹಾರೋಕೇ ಬರದೆ ಹೋಗುತ್ತೆ. ಯಾವ ರಾಕ್ಷಸನೂ ಶಾಪ ಕೊಟ್ಟಿಲ್ಲ. ಖುಷಿಗೆ ಮಾಡ್ತಿದ್ದ ಒಂದೇ ಒಂದು ವಿದ್ಯೆ ಹೊಟ್ಟೆಪಾಡಾಯ್ತು, ಆಮೇಲೆ ಅದು ಹೊರಟೇಹೋಯ್ತು. ಹಾಸ್ಟೆಲ್ಲಿನಲ್ಲಿ ರಾತ್ರಿ ಎರಡರವರೆಗೆ ಸುಮ್ಮನೆ ಖುಷಿಗೆ ಕೋಡ್ ಬರೀತಿದ್ದವನು ಈಗ ಭಾನುವಾರ ಲ್ಯಾಪ್‌ಟಾಪ್ ಕಂಡರೆ ಮುಖ ತಿರುಗಿಸೋದು ಯಾಕೆ ಅಂತ ನನಗೆ ಯಾವ ಎಚ್‌ಆರ್ ವೆಬಿನಾರ್ ಕೂಡ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ಕಾಡಿನಲ್ಲಿರೋ ಚಿತ್ರಕಾರ್ತಿ ಗೆಳತಿ ಕಿಕಿಗೆ ಹೇಳೋದು ಇಷ್ಟೇ: ನನಗೂ ಹೀಗಾಗಿತ್ತು, ಆಗ ಬರೆಯೋದು ನಿಲ್ಲಿಸಿಬಿಡ್ತೀನಿ, ತಿರುಗಾಡ್ತೀನಿ, ಮಧ್ಯಾಹ್ನ ನಿದ್ದೆ ಮಾಡ್ತೀನಿ. ಕೊನೆಗೆ ಹಾರೋದು ವಾಪಸ್ ಬರುತ್ತೆ. ಆದರೆ ಮೊದಲಿನಿಂದ ಅವಳ ಜೊತೆ ಮಾತಾಡ್ತಿದ್ದ ಕರಿ ಬೆಕ್ಕು ಜಿಜಿಯ ಮಾತು ಅವಳಿಗೆ ಮತ್ತೆ ಕೇಳಿಸಲ್ಲ.

ನೋಡೋದಾದರೆ ಜಪಾನಿ ಆಡಿಯೋದಲ್ಲೇ ನೋಡಿ, ಸಬ್‌ಟೈಟಲ್ ಹಾಕ್ಕೊಳ್ಳಿ. 1998ರ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ, ಪಾಪ ಮಕ್ಕಳಿಗೆ ಬೇಜಾರಾಗುತ್ತೆ ಅಂತಲೋ ಏನೋ, ಕೊನೆಯಲ್ಲಿ ಬೆಕ್ಕಿನ ಬಾಯಿಗೆ ಒಂದು ಮಾತು ಸೇರಿಸಿದ್ದರು. ಮೂಲದಲ್ಲಿ ಅದು ಕಿಕಿಯ ಭುಜ ಹತ್ತಿ ಮಿಯಾಂವ್ ಅನ್ನುತ್ತೆ. ಅವಳು ಕೆನ್ನೆ ಒತ್ತಿ ಅದನ್ನು ಮುದ್ದು ಮಾಡ್ತಾಳೆ.